ಮಾರಿಸ್ ದ್ವೀಪದ ಮರಳು: 1863ರ ಚಾರ್ಲ್ಸ್‌ಟನ್ ಮುತ್ತಿಗೆಯಲ್ಲಿ ಗುದ್ದಲಿ ಹಿಡಿದ ಸಿಪಾಯಿಗಳು

ಹಳೆಯ ನಕ್ಷೆ

ಅಮೆರಿಕದ ಅಂತರ್ಯುದ್ಧದ ಮಾತು ಇಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಲಿಂಕನ್, ಗೆಟಿಸ್‌ಬರ್ಗ್ ಎಂದು ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಸ್ವಲ್ಪ ಓದಿದವರು 1863ರ ಜುಲೈ 18ರ ಸಂಜೆಯನ್ನು ನೆನೆಯುತ್ತಾರೆ. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಮಾರಿಸ್ ದ್ವೀಪ, ಅದರ ಮೇಲೆ ದಕ್ಷಿಣದವರ ವ್ಯಾಗ್ನರ್ ಕೋಟೆ, ಅದರ ಮೇಲೇರಿ ಹೋದ 54ನೇ ಮ್ಯಾಸಚೂಸೆಟ್ಸ್ ದಳದ ಕಪ್ಪು ವರ್ಣೀಯ ಸೈನಿಕರು. ಅವರ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಕೋಟೆಯ ದಿಬ್ಬದ ಮೇಲೆಯೇ ಸತ್ತ. ಸುಮಾರು 600 ಮಂದಿಯಲ್ಲಿ 270ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಆ ಒಂದು ರಾತ್ರಿಯಲ್ಲಿ ಒಕ್ಕೂಟ ಸೇನೆಗೆ, ಅಂದರೆ ಲಿಂಕನ್ ಕಡೆಯ ಉತ್ತರದವರಿಗೆ, ಆದ ಒಟ್ಟು ನಷ್ಟ 1,500 ಮೀರಿತು.

ನನಗೆ ಬೇಕಾಗಿರುವುದು ಮಾರನೆಯ ದಿನದಿಂದ ಮುಂದಿನ ಕಥೆ. ಏಕೆಂದರೆ ವ್ಯಾಗ್ನರ್ ಬಿದ್ದದ್ದು ಆ ರಾತ್ರಿಯಲ್ಲ, ಸೆಪ್ಟೆಂಬರ್ 7ರ ನಸುಕಿನಲ್ಲಿ. ನಡುವೆ ಏಳು ವಾರ ಸಿಪಾಯಿಗಳು ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಸಲಿಕೆಯನ್ನು. ಕೋಟೆಯನ್ನು ಗೆದ್ದುಕೊಟ್ಟದ್ದೂ ಅದೇ. ಆ ಏಳು ವಾರವನ್ನು ಯಾರೂ ಚಿತ್ರ ಬರೆಸಿ ಗೋಡೆಗೆ ಹಾಕಿಕೊಳ್ಳುವುದಿಲ್ಲ.

ಸೇನಾಪತಿ ಕ್ವಿನ್ಸಿ ಗಿಲ್ಮೋರ್ ಮೂಲತಃ ಎಂಜಿನಿಯರ್. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಜಾರ್ಜಿಯಾದ ಪುಲಾಸ್ಕಿ ಕೋಟೆಯ ಇಟ್ಟಿಗೆ ಗೋಡೆಯನ್ನು ಸುರುಳಿಗೆರೆಯ ನಳಿಗೆಯ ಹೊಸ ಫಿರಂಗಿಗಳಿಂದ ಎರಡೇ ದಿನದಲ್ಲಿ ಒಡೆದು ಹೆಸರು ಮಾಡಿದ್ದವನು. ವ್ಯಾಗ್ನರ್‌ನಲ್ಲಿ ಆ ವಿದ್ಯೆ ನಡೆಯಲಿಲ್ಲ. ಅದು ಇಟ್ಟಿಗೆಯ ಕೋಟೆಯಲ್ಲ. ಮರಳಿನ ದಿಬ್ಬ, ಒಳಗೆ ಪಾಮೆಟೊ ಮರದ ದಿಮ್ಮಿಗಳ ನೆಲಮನೆ. ಗುಂಡು ಬಿದ್ದರೆ ಮರಳು ಹಾರುತ್ತದೆ, ಮತ್ತೆ ಅಲ್ಲಿಯೇ ಬೀಳುತ್ತದೆ. ಜುಲೈ 18ರಂದು ನೆಲದಿಂದಲೂ ಕಡಲಿನಿಂದಲೂ ದಿನವಿಡೀ ಗುಂಡು ಸುರಿದರೂ ಒಳಗಿದ್ದವರಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಎರಡು ಬಾರಿ ನೇರವಾಗಿ ನುಗ್ಗಿ ಸೋತ ಮೇಲೆ ಗಿಲ್ಮೋರ್‌ಗೆ ಉಳಿದದ್ದು ನೆಲ ಅಗೆಯುತ್ತ ಹತ್ತಿರವಾಗುವ ಹಳೆಯ ದಾರಿ.

ಈ ಅಗೆತದ ಬಗ್ಗೆ, ಅಲ್ಲಿನ ಊಟ, ನೀರು, ನಿದ್ದೆಯ ಬಗ್ಗೆ ಓದಿದವರಿದ್ದರೆ ಬರೆಯಿರಿ.

ನಿವೃತ್ತ ಹವಾಲ್ದಾರ್

ನಾನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು. ಅಗೆಯುವುದು ನಮ್ಮ ಕಸುಬು. ಆದ್ದರಿಂದ ಮೊದಲ ಪ್ರಶ್ನೆ ನನ್ನದೇ: ಕಡಲ ದಂಡೆಯಲ್ಲಿ ಕಂದಕ ತೋಡಿದರೆ ನೀರು ಬರುವುದಿಲ್ಲವೇ? ಮುರ್ಡೇಶ್ವರದ ದಂಡೆಯಲ್ಲಿ ಮಕ್ಕಳು ಗುಂಡಿ ತೋಡಿದ ಹಾಗೆ, ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ಬದಿ ಕುಸಿದು ತಳದಲ್ಲಿ ನೀರು ನಿಂತಿರುತ್ತದೆ. ಅಲ್ಲಿ ಎಷ್ಟು ಆಳ ತೋಡಿದರು? ಬದಿಗೆ ಏನು ಕೊಟ್ಟರು? ಇದನ್ನು ಹೇಳದೆ ಶೌರ್ಯದ ಮಾತು ಬೇಡ.

ಹಳೆಯ ನಕ್ಷೆ

ಹವಾಲ್ದಾರ್ ಸರ್, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಆಳ ತೋಡಲು ಆಗುತ್ತಿರಲಿಲ್ಲ. ಆದ್ದರಿಂದ ತಗ್ಗು ಕಡಿಮೆ, ದಿಬ್ಬ ಹೆಚ್ಚು. ಬದಿಗೆ ಮರಳಿನ ಚೀಲ, ಕೋಲು ಹೆಣೆದು ಮಾಡಿದ ತಳವಿಲ್ಲದ ಬುಟ್ಟಿಗಳು. ಬುಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೆ ಮರಳು ತುಂಬುವುದು, ಅದರ ಮರೆಯಲ್ಲಿ ಮುಂದಿನ ಬುಟ್ಟಿ. ಎಲ್ಲಕ್ಕಿಂತ ಮುಂದೆ, ಗುಂಡೇಟಿಗೆ ಅಡ್ಡವಾಗಿ ತಳ್ಳಿಕೊಂಡು ಹೋಗುವ ದೊಡ್ಡ ಉರುಳೆ. ಅದರ ಹಿಂದೆ ಮಂಡಿಯೂರಿ ಅಗೆಯುವವರು ನಾಲ್ಕಾರು ಜನ ಮಾತ್ರ. ಅವರ ಹಿಂದೆ ಆ ಸಣ್ಣ ಕಾಲುವೆಯನ್ನು ಅಗಲ ಮಾಡುವವರು ನೂರಾರು.

ದ್ವೀಪ ಉದ್ದಕ್ಕೆ ಸುಮಾರು ನಾಲ್ಕು ಮೈಲಿ, ಆದರೆ ಕೋಟೆಯ ಮುಂದೆ ತೀರ ಸಪೂರ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಕೆಸರಿನ ಜೌಗು. ಅತಿ ಕಿರಿದಾದ ಕಡೆ ಅಗಲ 25 ಗಜವಷ್ಟೇ ಎಂದು ಗಿಲ್ಮೋರ್‌ನ ವರದಿ ಹೇಳುತ್ತದೆ. ಭರತ ಜೋರಾದಾಗ ಕಡಲು ಕಂದಕದೊಳಗೇ ಬರುತ್ತಿತ್ತು. ಹೀಗೆ ಒಂದರ ಮುಂದೆ ಒಂದರಂತೆ ಐದು ಅಡ್ಡ ಕಂದಕಗಳಾದವು. ಮೊದಲನೆಯದು ಕೋಟೆಯಿಂದ 1,350 ಗಜ ದೂರ, ಐದನೆಯದು 250 ಗಜದೊಳಗೆ. ಅದಕ್ಕೂ ಮುಂದೆ ಕೋಟೆಯ ಅಗಳಿನವರೆಗೆ ಕೇವಲ ಅಂಕುಡೊಂಕಿನ ಕಾಲುವೆ.

ಕೆಲಸ ಹೆಚ್ಚಾಗಿ ರಾತ್ರಿ. ಹುಣ್ಣಿಮೆ ಬಂದರೆ ಶಾಪ. ಕೊನೆಕೊನೆಗೆ ಒಕ್ಕೂಟದವರು ಸುಣ್ಣವನ್ನು ಉರಿಗೆ ಹಿಡಿದು ಬೆಳಗಿಸುವ ಪ್ರಖರ ದೀಪಗಳನ್ನು ಕೋಟೆಯ ಕಡೆಗೆ ತಿರುಗಿಸಿದರು. ಅದರಿಂದ ಅಗೆಯುವವರು ಕತ್ತಲಲ್ಲಿ, ಕೋಟೆಯ ಗೋಡೆ ಬೆಳಕಲ್ಲಿ. ಹಗಲಲ್ಲಿ ಒಬ್ಬ ನೋಡುಗ ಕುಳಿತಿರುತ್ತಿದ್ದ. ದೂರದ ಯಾವುದಾದರೂ ಕೋಟೆಯಲ್ಲಿ ಹೊಗೆ ಎದ್ದ ತಕ್ಷಣ ಆ ಕೋಟೆಯ ಹೆಸರು ಹಿಡಿದು ಕೂಗುತ್ತಿದ್ದ. ಹೆಸರು ಕೇಳಿದರೆ ಗುಂಡು ಯಾವ ದಿಕ್ಕಿನಿಂದ ಎಂದು ಗೊತ್ತು, ಎಲ್ಲರೂ ಆ ಬದಿಯ ದಿಬ್ಬಕ್ಕೆ ಒರಗಬೇಕು. ಗುಂಡು ದಾಟಿದ ಮೇಲೆ ಮತ್ತೆ ಸಲಿಕೆ.

ಇನ್ನೊಂದು ಕಷ್ಟವಿತ್ತು. ಜುಲೈನ ಎರಡು ದಾಳಿಗಳಲ್ಲಿ ಸತ್ತವರನ್ನು ಹೂತಿದ್ದ ನೆಲದ ಮೂಲಕವೇ ಕಂದಕ ಹೋಗಬೇಕಾಗಿತ್ತು. ಸಲಿಕೆಗೆ ಮೈ ತಾಗುತ್ತಿತ್ತು. ಮೊದಮೊದಲು ತೆಗೆದು ಬೇರೆ ಕಡೆ ಹೂತರು. ಆಮೇಲೆ ಹೂತವರು ಮತ್ತೊಂದು ಕಾಲುವೆಗೆ ಅಡ್ಡ ಬಂದರು.

ಘಟ್ಟದ ವೈದ್ಯೆ

ನೀರಿನ ವಿಷಯವನ್ನು ಹವಾಲ್ದಾರರು ಎತ್ತಿದ್ದು ಒಳ್ಳೆಯದಾಯಿತು. ನನಗೆ ಕಾಣುವುದು ಕುಡಿಯುವ ನೀರು. ಮರಳಿನಲ್ಲಿ ಗುಂಡಿ ತೋಡಿ ಪೀಪಾಯಿ ಇಳಿಸಿದರೆ ಅದೇ ಬಾವಿ. ಮೇಲೆ ತೇಲುವ ಸಿಹಿನೀರು ಒಂದೆರಡು ದಿನ, ಆಮೇಲೆ ಉಪ್ಪು, ಆಮೇಲೆ ವಾಸನೆ. ಸಾವಿರಾರು ಜನರ ಶೌಚ, ಆಳವಿಲ್ಲದ ಹೆಣಗುಂಡಿಗಳು, ಬಾವಿಗಳು, ಎಲ್ಲವೂ ಒಂದೇ ಮರಳಪಟ್ಟಿಯಲ್ಲಿ. ಆಗಸ್ಟ್ ತಿಂಗಳ ಬಿಸಿಲು. ಭೇದಿ, ಜ್ವರ ಬರದಿದ್ದರೆ ಅದೇ ಆಶ್ಚರ್ಯ. ರೋಗಾಣುವಿನ ತಿಳಿವಳಿಕೆ ಇನ್ನೂ ಸೇನೆಗೆ ಬಂದಿರದ ಕಾಲ. ಕೆಟ್ಟ ಗಾಳಿಯೇ ಕಾರಣ ಎಂದು ನಂಬಿ, ನೀರನ್ನು ಕುದಿಸದೆ, ಕ್ವಿನೈನ್ ಪುಡಿಯನ್ನು ವಿಸ್ಕಿಯಲ್ಲಿ ಕಲಸಿ ಕೊಡುತ್ತಿದ್ದರು. ಚಳಿಜ್ವರಕ್ಕೆ ಕ್ವಿನೈನ್ ಉಪಯೋಗವೇ. ಭೇದಿಗೆ ಅದರಿಂದ ಏನೂ ಇಲ್ಲ.

ಊಟ ಎಂದರೆ ಕಲ್ಲಿನಂಥ ಗಟ್ಟಿ ಬಿಸ್ಕತ್ತು, ಉಪ್ಪುಹಾಕಿದ ಹಂದಿಮಾಂಸ, ಕಾಫಿ. ಉಪ್ಪುಮಾಂಸ ತಿಂದು ಉಪ್ಪುನೀರು ಕುಡಿಯುವ ಅವಸ್ಥೆ. ಎಲ್ಲದರಲ್ಲೂ ಮರಳು: ಕಾಫಿಯಲ್ಲಿ, ಕಣ್ಣಿನಲ್ಲಿ, ಗಾಯದಲ್ಲಿ. ಮುಂದೆ ರೆಡ್ ಕ್ರಾಸ್‌ನ ಅಮೆರಿಕದ ಶಾಖೆಯನ್ನು ಕಟ್ಟಿದ ಕ್ಲಾರಾ ಬಾರ್ಟನ್ ಆ ಬೇಸಗೆಯಲ್ಲಿ ಇದೇ ದ್ವೀಪದಲ್ಲಿ ಗಾಯಾಳುಗಳನ್ನು ನೋಡಿಕೊಂಡರು, ತಾವೂ ಕಾಯಿಲೆ ಬಿದ್ದರು.

ತಟಸ್ಥ

ಎಲ್ಲರೂ ಹೊರಗಿನಿಂದ ಮುತ್ತಿದವರ ಕಷ್ಟವನ್ನೇ ಹೇಳುತ್ತಿದ್ದೀರಿ. ಒಳಗಿದ್ದವರೂ ಸಿಪಾಯಿಗಳೇ. ವ್ಯಾಗ್ನರ್‌ನ ನೆಲಮನೆಯಲ್ಲಿ ನೂರಾರು ಜನ ಒತ್ತೊತ್ತಾಗಿ, ಗಾಳಿ ಇಲ್ಲದೆ, ಗಾಯಾಳುಗಳೂ ದಣಿದವರೂ ಒಟ್ಟಿಗೆ. ಹೊರಗೆ ಬಂದರೆ ಗುರಿಕಾರರ ಗುಂಡು, ಒಳಗಿದ್ದರೆ ಉಸಿರು ಕಟ್ಟುತ್ತದೆ. ಕೋಟೆಯೊಳಗಿನ ಬಾವಿಯ ನೀರು ಹೆಣಗಳ ಕಾರಣದಿಂದ ಕೆಟ್ಟು, ಕುಡಿಯುವ ನೀರನ್ನು ಚಾರ್ಲ್ಸ್‌ಟನ್‌ನಿಂದ ಪೀಪಾಯಿಗಳಲ್ಲಿ ರಾತ್ರಿ ದೋಣಿಯ ಮೇಲೆ ತರಬೇಕಾಗಿತ್ತು. ಅಲ್ಲಿ ಹೆಚ್ಚು ದಿನ ಇರಲು ಯಾರಿಂದಲೂ ಆಗದೆಂದು ಕೆಲವು ದಿನಗಳಿಗೊಮ್ಮೆ ಇಡೀ ಕಾವಲುಪಡೆಯನ್ನೇ ಬದಲಿಸುತ್ತಿದ್ದರು. ಕೊನೆಯ ಎರಡು ದಿನ ನ್ಯೂ ಐರನ್‌ಸೈಡ್ಸ್ ಎಂಬ ಕಬ್ಬಿಣದ ಕವಚದ ಹಡಗೂ ಸೇರಿ ಹಗಲು ರಾತ್ರಿ ಹೊಡೆದಾಗ ಅವರು ಫಿರಂಗಿಯ ಬಳಿ ನಿಲ್ಲುವಂತೆಯೇ ಇರಲಿಲ್ಲ. ಆದರೂ ಸೆಪ್ಟೆಂಬರ್ 6ರ ರಾತ್ರಿ ಹೆಚ್ಚಿನವರೆಲ್ಲ ದೋಣಿ ಹತ್ತಿ ತಪ್ಪಿಸಿಕೊಂಡರು. ಅದು ಸಣ್ಣ ಕೆಲಸವಲ್ಲ.

ಬಂದರಿನ ಬಾಯಲ್ಲೇ ಇದ್ದ ದಕ್ಷಿಣದವರ ಇನ್ನೊಂದು ಕೋಟೆ, ಸಮ್ಟರ್ ಕೋಟೆಯದೂ ಇದೇ ಕಥೆ. ಆಗಸ್ಟ್ 17ರಿಂದ ಒಂದು ವಾರದಲ್ಲಿ ಐದು ಸಾವಿರಕ್ಕೂ ಹೆಚ್ಚು ಗುಂಡು ಬಿದ್ದು ಗೋಡೆಗಳೆಲ್ಲ ಇಟ್ಟಿಗೆಚೂರಿನ ರಾಶಿಯಾದವು. ಆ ರಾಶಿಯೇ ಗೋಡೆಗಿಂತ ಗಟ್ಟಿಯಾಯಿತು. 1865ರ ಫೆಬ್ರವರಿಯವರೆಗೆ ಅದನ್ನು ಯಾರೂ ಯುದ್ಧದಿಂದ ಕಿತ್ತುಕೊಳ್ಳಲಿಲ್ಲ. ಹೊಗಳಬೇಕಾದ್ದನ್ನು ಹೊಗಳೋಣ.

ಘಟ್ಟದ ವೈದ್ಯೆ

ತಟಸ್ಥ ಅವರೇ, ನೆಲಮನೆಯ ವರ್ಣನೆಯನ್ನು ಒಪ್ಪುತ್ತೇನೆ. ಒಂದು ಸಾಲು ಮಾತ್ರ ಬಿಟ್ಟಿದ್ದೀರಿ. ಆ ಇಟ್ಟಿಗೆಚೂರನ್ನು ರಾತ್ರಿಯೆಲ್ಲ ಹೊತ್ತು, ಮರಳು ತುಂಬಿ, ಸಮ್ಟರನ್ನು ಮತ್ತೆ ಮತ್ತೆ ಕಟ್ಟಿದವರು ಯಾರು? ತೋಟದ ಯಜಮಾನರಿಂದ ಸರ್ಕಾರ ಕೇಳಿ ಪಡೆದ ಗುಲಾಮರು. ವ್ಯಾಗ್ನರ್‌ನಲ್ಲೂ ಅವರೇ. ಸಿಪಾಯಿಗೆ ಸರದಿ ಇತ್ತು, ಅವರಿಗೆ ಸರದಿಯನ್ನು ನಿರ್ಧರಿಸುವವರು ಬೇರೆಯವರು. ಗುಂಡು ತಗುಲಿ ಸತ್ತರೆ ಪರಿಹಾರ ಹೋಗುವುದು ಯಜಮಾನನಿಗೆ. ಒಳಗಿನವರ ಕಷ್ಟ ಎಂದಾಗ ಇವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಟಸ್ಥ

ಹಿಡಿಯೋಣ. ಆದರೆ ಸಾಮಾನ್ಯ ದಕ್ಷಿಣದ ಸಿಪಾಯಿಗೆ ಗುಲಾಮರೇ ಇರಲಿಲ್ಲ ಎಂಬುದನ್ನೂ ಹಿಡಿಯಿರಿ.

ನಿವೃತ್ತ ಹವಾಲ್ದಾರ್

ಅವನ ಮನೆಯಲ್ಲಿ ಇರಲಿಲ್ಲ, ಅವನ ಕೋಟೆಯಲ್ಲಿ ಇದ್ದರಲ್ಲ. ಅವನಿಗಾಗಿ ಕಲ್ಲು ಹೊತ್ತರಲ್ಲ. ಮುಂದಕ್ಕೆ ಹೋಗೋಣ.

ನೆಲಬಾಂಬುಗಳ ವಿಷಯ ಯಾರಾದರೂ ಹೇಳಿ. ಆ ಕಾಲಕ್ಕೇ ಇದ್ದವು ಎಂದು ಕೇಳಿದ್ದೇನೆ.

ಹಳೆಯ ನಕ್ಷೆ

ಇದ್ದವು. ಕೋಟೆಯ ಮುಂದಿನ ಮರಳಿನಲ್ಲಿ ದಕ್ಷಿಣದವರು ಹೂತಿಟ್ಟಿದ್ದರು, ಕಾಲು ತಾಗಿದರೆ ಸಿಡಿಯುವಂಥವು. ಅಗೆಯುವವರು ಅವುಗಳ ಇರವನ್ನು ಕಂಡುಕೊಂಡದ್ದು ಒಂದು ಸಾವಿನಿಂದ. ಕಪ್ಪು ವರ್ಣೀಯ ದಳವೊಂದರ ಕಾರ್ಪೊರಲ್ ಸಿಡಿತಕ್ಕೆ ಹಾರಿ ದೂರ ಬಿದ್ದ, ಬಟ್ಟೆಯೆಲ್ಲ ಕಿತ್ತುಹೋಗಿತ್ತು, ಅವನ ತೋಳು ಇನ್ನೊಂದು ಸಿಡಿಯದ ಬಾಂಬಿನ ಮೇಲೆ ಬಿದ್ದಿತ್ತು. ಈ ಕೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಮೇಜರ್ ಥಾಮಸ್ ಬ್ರೂಕ್ಸ್ ದಿನದಿನದ ಟಿಪ್ಪಣಿ ಇಟ್ಟಿದ್ದ. ಹೆದರಿದ್ದ ಎಂಜಿನಿಯರುಗಳು ಬೇಗನೆ ಬೇರೆ ಲೆಕ್ಕ ಹಾಕಿದರು: ಮುಂದೆ ಬಾಂಬುಗಳಿರುವವರೆಗೆ ಕೋಟೆಯವರು ರಾತ್ರಿ ಹೊರಗೆ ನುಗ್ಗಿ ಬರಲಾರರು. ಶತ್ರು ಹೂತ ಬಾಂಬು ತಮಗೇ ಕಾವಲಾಯಿತು.

ಅದೇ ಬ್ರೂಕ್ಸ್ ತನ್ನ ಕೈಕೆಳಗಿನ ಎಂಜಿನಿಯರುಗಳಿಗೆ ಒಂದು ಪ್ರಶ್ನಾವಳಿ ಕೊಟ್ಟ: ಗುಂಡಿನ ನಡುವೆ ಅಗೆಯುವ ಕೆಲಸದಲ್ಲಿ ಬಿಳಿಯರು ಮೇಲೋ ಕಪ್ಪು ವರ್ಣೀಯರು ಮೇಲೋ? ಕಪ್ಪು ವರ್ಣೀಯರು ಹೆಚ್ಚು ಕೆಲಸ ಮಾಡುತ್ತಾರೆ ಎಂಬ ಉತ್ತರ ಬಂತು. ಪ್ರಶಂಸೆಯಂತೆ ಕಾಣುತ್ತದೆ. ಫಲ ಏನೆಂದರೆ ಅವರ ಕೈಗೆ ಇನ್ನೂ ಹೆಚ್ಚು ಸಲಿಕೆ ಬಂತು. ಬಿಳಿಯ ದಳಗಳ ಡೇರೆಗೆ ನೆಲ ಸಮ ಮಾಡುವುದು, ಅವರ ಬಾವಿ ತೋಡುವುದು ಕೂಡ ಇವರ ಪಾಲಿಗೆ. ಸೆಪ್ಟೆಂಬರ್ ಮಧ್ಯದಲ್ಲಿ ಗಿಲ್ಮೋರ್ ಇದನ್ನು ನಿಷೇಧಿಸಿ ಆಜ್ಞೆ ಹೊರಡಿಸಬೇಕಾಯಿತು ಎಂದರೆ ಎಷ್ಟು ನಡೆದಿತ್ತೆಂದು ಊಹಿಸಿ.

ಜೌಗಿನ ಕೊಕ್ಕರೆ

ಜೌಗಿನ ದೇವತೆಯನ್ನು ಬಿಟ್ಟುಬಿಟ್ಟಿರಲ್ಲ! ಮಾರಿಸ್ ಮತ್ತು ಜೇಮ್ಸ್ ದ್ವೀಪಗಳ ನಡುವಿನ ಕೆಸರಿನಲ್ಲಿ ನಿಲ್ಲಿಸಿದ ಎಂಟು ಅಂಗುಲ ಬಾಯಿಯ ಫಿರಂಗಿಗೆ ಸಿಪಾಯಿಗಳು ಇಟ್ಟ ಹೆಸರು ಅದು. ಕೆಸರು ಹದಿನೆಂಟು ಅಡಿ ಆಳ. ಆ ಕೆಲಸಕ್ಕೆ ಒಬ್ಬ ಅಧಿಕಾರಿ ‘ಹದಿನೆಂಟು ಅಡಿ ಎತ್ತರದ ಜನರನ್ನು ಕಳುಹಿಸಿ’ ಎಂದು ಕೇಳಿದ್ದ ಎಂಬ ತಮಾಷೆ ಆಗಲೇ ಶಿಬಿರದಲ್ಲಿ ಓಡಾಡುತ್ತಿತ್ತು. ದಿಮ್ಮಿಗಳ ಮೇಲೆ ಸುಮಾರು ಹದಿಮೂರು ಸಾವಿರ ಮರಳಿನ ಚೀಲಗಳನ್ನು ಹೊತ್ತು ತಂದು ಪೇರಿಸಿದರು. ಆಗಸ್ಟ್ 22ರ ನಸುಕಿನಲ್ಲಿ ನಗರದ ಮೇಲೆ ಹೊಡೆಯಲು ಶುರು. 36ನೇ ಗುಂಡಿಗೆ ಫಿರಂಗಿಯೇ ಸಿಡಿದು ಹೋಯಿತು. ಅಷ್ಟು ಹೊತ್ತದ್ದು ಎರಡು ರಾತ್ರಿಯ ಆಟಕ್ಕೆ!

ಘಟ್ಟದ ವೈದ್ಯೆ

ಆಟ ಎನ್ನಬೇಡಿ ಕೊಕ್ಕರೆ. ಆ ಗುಂಡು ಬಿದ್ದದ್ದು ಮಲಗಿದ್ದ ಊರಿನ ಮೇಲೆ, ಬೆಂಕಿ ಹಚ್ಚುವ ದ್ರವ ತುಂಬಿದ ಗುಂಡುಗಳೂ ಅದರಲ್ಲಿದ್ದವು. ದಕ್ಷಿಣದ ಸೇನಾಪತಿ ಬೋರೆಗಾರ್ಡ್ ಪ್ರತಿಭಟಿಸಿ ಪತ್ರ ಬರೆದ. ಬೇರೆ ಫಿರಂಗಿಗಳಿಂದ ನಗರದ ಮೇಲೆ ಹೊಡೆತ ಆಮೇಲೂ ನಡೆಯಿತು.

ಎರೆಭೂಮಿ

ನಾನು ಗದಗ ಕಡೆಯವನು. ಈ ಯುದ್ಧದ ಬಗ್ಗೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ಅನ್ನಿಸಬಹುದು, ಆದರೆ ನಮ್ಮ ಎರೆಹೊಲಗಳಿಗೆ ಗೊತ್ತಿತ್ತು. ಚಾರ್ಲ್ಸ್‌ಟನ್‌ನಂಥ ಬಂದರುಗಳಿಗೆ ಒಕ್ಕೂಟದ ಹಡಗುಗಳು ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಾಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಬೆಲೆ ಒಮ್ಮೆಲೇ ಏರಿತು. ಕಪ್ಪತಗುಡ್ಡದ ಸುತ್ತಿನ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಹಡಗಿಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರನ್ನು ಹತ್ತಿಗಾಗಿ ಬೆಳೆಸುವ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಸಾಲ ಮಾಡಿ ಹತ್ತಿ ಹಾಕಿದವರು ಕೆಟ್ಟರು. ಮಾರಿಸ್ ದ್ವೀಪದಲ್ಲಿ ಮರಳು ಅಗೆದವನಿಗೂ ನಮ್ಮ ರೈತನಿಗೂ ಪರಸ್ಪರ ಹೆಸರೂ ತಿಳಿದಿರಲಿಲ್ಲ.

ಹತ್ತಿಯ ಮಾತು ಇಲ್ಲಿಗೆ ಸಾಕು, ಎಳೆ ಬೇರೆ ಕಡೆ ಹೋಗುತ್ತದೆ. ನನ್ನ ಪ್ರಶ್ನೆ: ಅಗೆದವರಿಗೆ ಕೂಲಿ, ಅಂದರೆ ಸಂಬಳ, ಎಷ್ಟು?

ಹಳೆಯ ನಕ್ಷೆ

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಬಟ್ಟೆಯ ಭತ್ಯೆ ಬೇರೆ. ಕಪ್ಪು ವರ್ಣೀಯನಿಗೆ 10 ಡಾಲರ್, ಅದರಲ್ಲಿ ಬಟ್ಟೆಗೆಂದು 3 ಮುರಿದು ಕೈಗೆ 7. ಸೇರಿಸಿಕೊಳ್ಳುವಾಗ ಸಮಾನ ಸಂಬಳ ಎಂದು ಮಾತು ಕೊಟ್ಟು, ಆಮೇಲೆ ಸೇನೆಯ ಕೂಲಿಯಾಳುಗಳಿಗಾಗಿ ಇದ್ದ 1862ರ ಕಾಯಿದೆಯನ್ನು ತೋರಿಸಿದರು. 54ನೇ ದಳದವರು ಏಳು ಡಾಲರನ್ನು ಮುಟ್ಟಲಿಲ್ಲ. ಅವರ ಸಹೋದರ ದಳವಾದ 55ನೆಯದೂ ಮುಟ್ಟಲಿಲ್ಲ. ಕೊರತೆಯನ್ನು ತಾನು ತುಂಬಿಕೊಡುತ್ತೇನೆಂದು ಮ್ಯಾಸಚೂಸೆಟ್ಸ್ ರಾಜ್ಯ ಹೇಳಿತು. ಅದನ್ನೂ ಬೇಡ ಎಂದರು.

ಅವರಲ್ಲಿ ಒಬ್ಬ ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್. ಮೊದಲು ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವನು, ತನ್ನೂರಿನ ಪತ್ರಿಕೆಗೆ ರಣರಂಗದಿಂದ ಪತ್ರ ಬರೆಯುತ್ತಿದ್ದವನು. ವ್ಯಾಗ್ನರ್ ಬಿದ್ದ ಮೂರು ವಾರಕ್ಕೆ, ಸೆಪ್ಟೆಂಬರ್ 28ರಂದು, ಮಾರಿಸ್ ದ್ವೀಪದಿಂದ ನೇರವಾಗಿ ಲಿಂಕನ್‌ಗೆ ಬರೆದ. ಅವನ ಪ್ರಶ್ನೆ ಇಷ್ಟೇ: ನಾವು ಸೈನಿಕರೋ, ಕೂಲಿಗಳೋ?

ತಟಸ್ಥ

ಹಟ ಎನ್ನಿಸುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸ. ರಾಜ್ಯವೇ ಪೂರ್ತಿ ಕೊಡುತ್ತೇನೆ ಎಂದಾಗ ತೆಗೆದುಕೊಂಡರೆ ಏನು ಹೋಗುತ್ತಿತ್ತು?

ನಿವೃತ್ತ ಹವಾಲ್ದಾರ್

ನಾನು ಸಂಬಳದ ಪಟ್ಟಿಗೆ ಸಹಿ ಹಾಕಿದವನು, ನಾನೇ ಹೇಳುತ್ತೇನೆ. ಯಾವ ಪಟ್ಟಿಯಲ್ಲಿ ಹೆಸರಿದೆ ಎಂಬುದೇ ಮುಖ್ಯ, ಹಣ ಎಷ್ಟು ಎಂಬುದು ಆಮೇಲೆ. ಕೂಲಿಯ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ನಾಳೆ ಪಿಂಚಣಿಯೂ ಇಲ್ಲ, ಸೆರೆ ಸಿಕ್ಕರೆ ಯುದ್ಧಕೈದಿಯ ಮರ್ಯಾದೆಯೂ ಇಲ್ಲ. ದಕ್ಷಿಣದವರು ಇವರನ್ನು ಸೈನಿಕರೆಂದೇ ಒಪ್ಪುತ್ತಿರಲಿಲ್ಲ ಎಂದ ಮೇಲೆ ತಮ್ಮ ಸರ್ಕಾರವಾದರೂ ಒಪ್ಪಬೇಡವೇ?

ಹಳೆಯ ನಕ್ಷೆ

ಸರ್, ಸೆರೆಯ ಮಾತು ನಿಜ. ಹಿಡಿದ ಕಪ್ಪು ವರ್ಣೀಯರನ್ನು ಗುಲಾಮರ ದಂಗೆಯ ಕಾನೂನಿನಡಿ ರಾಜ್ಯಗಳಿಗೆ ಒಪ್ಪಿಸಬೇಕೆಂದು ದಕ್ಷಿಣದವರ ಸಂಸತ್ತಾದ ಕಾಂಗ್ರೆಸ್ ಆ ಮೇ ತಿಂಗಳಲ್ಲೇ ನಿರ್ಣಯ ಮಾಡಿತ್ತು. ವ್ಯಾಗ್ನರ್‌ನಲ್ಲಿ ಸಿಕ್ಕಿದ ಕೆಲವರನ್ನು ಚಾರ್ಲ್ಸ್‌ಟನ್‌ನಲ್ಲಿ ವಿಚಾರಣೆಗೂ ಒಳಪಡಿಸಿದರು. ತನಗೆ ಅಧಿಕಾರವಿಲ್ಲ ಎಂದು ನ್ಯಾಯಾಲಯ ಕೈಬಿಟ್ಟಿತು. ಗುಡಿಂಗ್ 1864ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟಿಯಲ್ಲಿ ಸೆರೆಯಾಗಿ ಜುಲೈನಲ್ಲಿ ಆಂಡರ್‌ಸನ್‌ವಿಲ್ ಸೆರೆಶಿಬಿರದಲ್ಲಿ ಸತ್ತ. ಅವನ ಕೈಗೆ ಸಮಾನ ಸಂಬಳ ಬರಲೇ ಇಲ್ಲ.

ಎರೆಭೂಮಿ

ಹೀಗೆ ನಿರಾಕರಿಸಿದ್ದಕ್ಕೆ ಯಾರಿಗಾದರೂ ಶಿಕ್ಷೆಯಾಯಿತೇ? ಸೇನೆಯಲ್ಲಿ ಇದನ್ನು ಸುಮ್ಮನೆ ಬಿಡುವುದಿಲ್ಲ.

ಹಳೆಯ ನಕ್ಷೆ

ಆಯಿತು. ಬಿಡುಗಡೆ ಪಡೆದ ಗುಲಾಮರಿಂದ ಕಟ್ಟಿದ 3ನೇ ದಕ್ಷಿಣ ಕ್ಯಾರೊಲಿನಾ ದಳದ ಸಾರ್ಜೆಂಟ್ ವಿಲಿಯಂ ವಾಕರ್ ತನ್ನ ಜನರನ್ನು ಕರೆದುಕೊಂಡು ಹೋಗಿ ಕ್ಯಾಪ್ಟನ್ನನ ಡೇರೆಯ ಮುಂದೆ ಬಂದೂಕು ಕೆಳಗಿಡಿಸಿದ. ಸಮಾನ ಸಂಬಳವಿಲ್ಲದೆ ಕೆಲಸವಿಲ್ಲ ಎಂಬುದು ಅದರ ಅರ್ಥ. ದಂಗೆಯ ಆರೋಪ ಹೊರಿಸಿ 1864ರ ಫೆಬ್ರವರಿ 29ರಂದು ಗುಂಡಿಕ್ಕಿದರು. ಮಾರಿಸ್ ಪಕ್ಕದ ಫಾಲಿ ದ್ವೀಪದಲ್ಲಿ 55ನೇ ದಳದ ವ್ಯಾಲೇಸ್ ಬೇಕರ್ ಎಂಬ ಸಿಪಾಯಿಗೂ ಅದೇ ಗತಿ, ಅಧಿಕಾರಿಯ ಮೇಲೆ ಕೈಮಾಡಿದ್ದಕ್ಕೆ. ಸಂಬಳವಿಲ್ಲದ ಸಿಟ್ಟು ಕುದಿಯುತ್ತಿದ್ದ ಶಿಬಿರ ಅದು. ಸಂಬಳ ಸಮ ಮಾಡಿದ ಕಾಯಿದೆ ಜೂನ್ 15ರದು. ಬೇಕರ್‌ಗೆ ಗುಂಡಿಕ್ಕಿದ್ದು ಜೂನ್ 18ರಂದು.

ಘಟ್ಟದ ವೈದ್ಯೆ

ಫಾಲಿ ದ್ವೀಪದ್ದೇ ಇನ್ನೊಂದು ವಿಷಯ. 1987ರಲ್ಲಿ ಅಲ್ಲಿ 19 ಸಮಾಧಿಗಳು ಸಿಕ್ಕವು, ಹೆಚ್ಚಿನವು 55ನೇ ದಳದವರವು ಎಂದು ತಜ್ಞರು ಗುರುತಿಸಿದರು. ಅವರನ್ನು 1989ರಲ್ಲಿ ಬ್ಯೂಫರ್ಟ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮತ್ತೆ ಹೂತರು. ವ್ಯಾಗ್ನರ್ ಇದ್ದ ಜಾಗಕ್ಕೆ ಹೋಗಬೇಕೆನ್ನುವವರು ಆಸೆ ಬಿಡಿ, ಅದನ್ನು ಕಡಲು ತಿಂದು ನೂರು ವರ್ಷದ ಮೇಲಾಯಿತು.

ನಿವೃತ್ತ ಹವಾಲ್ದಾರ್

ಹಿಂಬಾಕಿ ಬಂತೋ ಇಲ್ಲವೋ? ಅದನ್ನು ಹೇಳಿ ಮುಗಿಸಿ.

ಹಳೆಯ ನಕ್ಷೆ

ಬಂತು, ಆದರೆ ಕೊಕ್ಕೆಯೊಂದಿಗೆ. ಕಾಯಿದೆಯ ಪ್ರಕಾರ ಸೇರಿದ ದಿನದಿಂದ ಪೂರ್ತಿ ಹಿಂಬಾಕಿ ಸಿಗುವುದು 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ. 54ನೇ ದಳದಲ್ಲಿ ಓಡಿಬಂದ ಗುಲಾಮರೂ ಇದ್ದರು. ಶಾ ಸತ್ತ ಮೇಲೆ ಕರ್ನಲ್ ಆದ ಎಡ್ವರ್ಡ್ ಹ್ಯಾಲೋವೆಲ್ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದವನು. ಅವನು ಪ್ರಮಾಣವಚನವನ್ನೇ ಜಾಣತನದಿಂದ ಬರೆದ: ಆ ದಿನಾಂಕದಂದು ಯಾವ ಮನುಷ್ಯನಿಗೂ ಬಿಟ್ಟಿ ದುಡಿಮೆಯ ಋಣ ನಿನಗಿರಲಿಲ್ಲ ಎಂದು ಆಣೆ ಮಾಡು. ಗುಲಾಮನಾಗಿ ಹುಟ್ಟಿದವನೂ ಕಣ್ಣು ಮಿಟುಕಿಸದೆ ಆಣೆ ಮಾಡಬಹುದು, ಸುಳ್ಳೂ ಅಲ್ಲ. 1864ರ ಸೆಪ್ಟೆಂಬರ್ ಕೊನೆಯಲ್ಲಿ, ಮಾರಿಸ್ ದ್ವೀಪದಲ್ಲಿಯೇ, ಹಣದ ಪೆಟ್ಟಿಗೆ ಬಂತು. ಆ ದಳ ಒಂದಕ್ಕೇ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಡಾಲರ್ ಬೇಕಾಯಿತು, ಅದರಲ್ಲಿ ಬಹಳಷ್ಟು ನೇರವಾಗಿ ಮನೆಗಳಿಗೆ ಹೋಯಿತು.

ವಾಕರ್‌ನ ದಳದಂಥವಕ್ಕೆ ಆ ಆಣೆಯ ಉಪಾಯ ಸಾಗುತ್ತಿರಲಿಲ್ಲ. ಅವರೆಲ್ಲ ಅಲ್ಲಿಯ ತೋಟಗಳಿಂದಲೇ ಬಂದವರೆಂದು ಇಡೀ ಸೇನೆಗೆ ಗೊತ್ತಿತ್ತು. ಅವರ ಹಿಂಬಾಕಿಗೆ 1865ರ ಮಾರ್ಚ್‌ನಲ್ಲಿ ಇನ್ನೊಂದು ಕಾಯಿದೆ ಆಗಬೇಕಾಯಿತು. ಅಷ್ಟರಲ್ಲಿ ಚಾರ್ಲ್ಸ್‌ಟನ್ ಬಿದ್ದು ಎರಡು ವಾರವಾಗಿತ್ತು. ಫೆಬ್ರವರಿ 18ರಂದು ಊರೊಳಗೆ ಕಾಲಿಟ್ಟ ಮೊದಲ ತುಕಡಿಗಳಲ್ಲಿ ಒಂದು 21ನೇ ಕಪ್ಪು ವರ್ಣೀಯ ದಳ. ವಾಕರ್‌ನ 3ನೇ ದಕ್ಷಿಣ ಕ್ಯಾರೊಲಿನಾ ದಳವನ್ನು ಸೇರಿಸಿ ಕಟ್ಟಿದ ದಳವೇ ಅದು.